ಹಿಮ ಬೀಳದ ಬೆಟ್ಟ, ನೀರು ಕಾಯುವ ಕೆರೆ

ಟೀವಿಯಲ್ಲಿ ಹಿಮಾಲಯದ ಶಿಖರಗಳನ್ನು ತೋರಿಸಿದರೆ ಸಾಕು, ಮನೆಯ ಮಕ್ಕಳು ಆಟ ಬಿಟ್ಟು ಬಂದು ನಿಲ್ಲುತ್ತಾರೆ. ಹಾಲಿನ ಕೆನೆ ಹಾಸಿದ ಹಾಗೆ ಹಿಮ, ಅದರ ಮೇಲೆ ಜಾರಿಕೊಂಡು ಹೋಗುವ ಜನ, ಹಿಮದ ಉಂಡೆ ಕಟ್ಟಿ ಎಸೆದಾಡುವ ಹುಡುಗರು! ‘ನಮ್ಮ ಬೆಟ್ಟದ ಮೇಲೆ ಯಾಕಮ್ಮ ಹಿಮ ಬೀಳಲ್ಲ?’ ಅಂತ ಒಮ್ಮೆಯಾದರೂ ಕೇಳದ ಮಗು ಇದ್ದೀತೇ? ಒಲೆಯ ಮೇಲೆ ಸಾರು ಉಕ್ಕುವ ಹೊತ್ತಿನಲ್ಲಿ ‘ಇಲ್ಲಿ ಅಷ್ಟು ಚಳಿ ಎಲ್ಲಿದೆ, ಹೋಗು’ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ.

ಆ ಉತ್ತರ ತಪ್ಪೇನೂ ಅಲ್ಲ. ಆದರೆ ಸೋದರಿಯರೇ, ಹಿಮ ಬೀಳದಿರುವುದಕ್ಕೂ ನಿಮ್ಮ ಮನೆಯ ನಲ್ಲಿಯಲ್ಲಿ ಬೇಸಿಗೆಯಲ್ಲಿ ನೀರು ಬಾರದಿರುವುದಕ್ಕೂ ನಂಟು ಇದೆ ಎಂದರೆ ನಂಬುತ್ತೀರಾ? ಆ ನಂಟು ಯಾವುದೆಂದು ತಿಳಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯ ಕಲ್ಲುಬೆಟ್ಟಗಳ ಕಡೆಗೆ ಒಂದು ಸುತ್ತು ಹೋಗಿ ಬಂದರೆ ಸಾಕು. ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಲು ಅದು ಒಳ್ಳೆಯ ಜಾಗವೂ ಹೌದು.

ಬಂಡೆಯ ನಾಡು

ತುಮಕೂರಿನಿಂದ ಉತ್ತರಕ್ಕೆ ಹೊರಟರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸಿಗುತ್ತವೆ. ಕಡಲೆಕಾಯಿ, ರಾಗಿ, ಹುಣಸೆ, ಕುರಿ ಇವೇ ಇಲ್ಲಿಯ ಸಂಪತ್ತು. ರಸ್ತೆಯ ಎರಡೂ ಕಡೆ ಬರಿಯ ಬಂಡೆಯ ಬೆಟ್ಟಗಳು. ರಾಮನಗರದಿಂದ ಶುರುವಾಗಿ ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಸಾಗುವ ಈ ಕಲ್ಲಿನ ಸಾಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಹಿಂದೆ ಇದ್ದ ಹೆಸರು. ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು!

ಇವುಗಳಲ್ಲೆಲ್ಲ ಎದ್ದು ಕಾಣುವುದು ಮಧುಗಿರಿ ಬೆಟ್ಟ. ಊರಿನ ತಲೆಯ ಮೇಲೆಯೇ ನಿಂತಿರುವ ಒಂದೇ ಬಂಡೆ. ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಇದೂ ಒಂದೆಂದು ಹೆಸರು. ಸಮುದ್ರಮಟ್ಟದಿಂದ 3,900 ಅಡಿಗೂ ಕೊಂಚ ಎತ್ತರ. ಮಧು ಎಂದರೆ ಜೇನು; ಬಂಡೆಯ ಮೈಗೆ ಅಂಟಿಕೊಂಡ ಹೆಜ್ಜೇನಿನಿಂದ ಬೆಟ್ಟಕ್ಕೆ ಈ ಹೆಸರು ಬಂತೆನ್ನುತ್ತಾರೆ.

ಹಿಮ ಏಕೆ ಬೀಳದು?

ಮೇಲೆ ಹೋದಷ್ಟೂ ತಂಪು ಎನ್ನುವುದು ನಮಗೆಲ್ಲ ಗೊತ್ತು. ಎಷ್ಟು ತಂಪು? ಒಂದು ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಮಧುಗಿರಿ ಊರಿನಿಂದ ಬೆಟ್ಟದ ನೆತ್ತಿಗೆ ಸುಮಾರು 400 ಮೀಟರ್. ಅಂದರೆ ಕೆಳಗೆ ಪೇಟೆಯಲ್ಲಿ 35 ಡಿಗ್ರಿ ಬಿಸಿಲಿದ್ದಾಗ ಮೇಲೆ ಹೆಚ್ಚೆಂದರೆ ಎರಡು ಮೂರು ಡಿಗ್ರಿ ಕಡಿಮೆ, ಅಷ್ಟೆ. ಹಿಮ ಬಿದ್ದು ನೆಲದಲ್ಲಿ ನಿಲ್ಲಬೇಕಾದರೆ ಗಾಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯಬೇಕು. ನಮ್ಮ ಸೀಮೆಯಲ್ಲಿ ಆ ಮಟ್ಟದ ಚಳಿ ಸಿಗುವುದು ಸುಮಾರು 5,000 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ; ದಕ್ಷಿಣ ಭಾರತಕ್ಕೇ ಎತ್ತರವೆನಿಸಿದ ಕೇರಳದ ಆನಮುಡಿ 2,695 ಮೀಟರ್. ಇನ್ನು ಹಿಮ ಎಲ್ಲಿಂದ ಬಂದೀತು ಹೇಳಿ?

ಹಾಗಂತ ನಮಗೂ ಹಿಮಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತಿಗೆ ಮೋಡ ಕವಿದು ಟಪಟಪನೆ ಆಲಿಕಲ್ಲು ಬೀಳುತ್ತದಲ್ಲ, ಅದು ಆ 5,000 ಮೀಟರ್ ಮೇಲಿನಿಂದ ಬಂದದ್ದು. ಬಿಸಿಲಿಗೆ ಕಾದ ಗಾಳಿ ರಭಸದಿಂದ ಮೇಲೇರಿ, ಮೋಡದೊಳಗಿನ ನೀರಿನ ಹನಿಗಳನ್ನು ಹೆಪ್ಪುಗಟ್ಟುವ ಎತ್ತರಕ್ಕೆ ತಳ್ಳುತ್ತದೆ. ಹನಿ ಗಡ್ಡೆಯಾಗಿ, ಅದರ ಮೇಲೆ ಮತ್ತೆ ನೀರು ಹೆಪ್ಪುಗಟ್ಟಿ, ಗಾಳಿ ಹೊರಲಾರದಷ್ಟು ಭಾರವಾದಾಗ ನಮ್ಮ ಅಂಗಳಕ್ಕೆ ಬೀಳುತ್ತದೆ. ಮಕ್ಕಳು ಲೋಟದಲ್ಲಿ ಆಯ್ದು ತುಂಬಿಸಿಕೊಳ್ಳುವಾಗ ಹೇಳಿ ನೋಡಿ: ‘ನಮ್ಮ ಬೆಟ್ಟಕ್ಕೆ ಹಿಮ ಎಟುಕುವುದಿಲ್ಲ, ಆದರೆ ನಮ್ಮ ಮೋಡಕ್ಕೆ ಎಟುಕುತ್ತದೆ!’

ಮಾಗಿಯ ಬೆಳಗಿನಲ್ಲಿ ಬೆಟ್ಟದ ಸೊಂಟಕ್ಕೆ ಸುತ್ತಿಕೊಳ್ಳುವ ಬಿಳಿ ಮಂಜು ಬೇರೆ. ಅದು ನೆಲದ ಹತ್ತಿರಕ್ಕೆ ಇಳಿದ ಮೋಡ, ಅಷ್ಟೆ. ಎಂಟು ಒಂಬತ್ತು ಗಂಟೆಯ ಬಿಸಿಲಿಗೆ ಕರಗಿಹೋಗುತ್ತದೆ.

ಹಿಮವೆಂಬ ಕಣಜ

ಹಿಮ ನೋಡಲು ಚೆಂದ. ಆದರೆ ಅದರ ನಿಜವಾದ ಬೆಲೆ ಬೇರೆಯೇ ಇದೆ. ಹಿಮಾಲಯದಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮ ಹರಿದು ಹೋಗುವುದಿಲ್ಲ, ಬಿದ್ದಲ್ಲೇ ಪದರ ಪದರವಾಗಿ ಕೂಡುತ್ತದೆ. ಹತ್ತು ಅಂಗುಲ ಹೊಸ ಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರು. ಬಿಸಿಲು ಏರಿದಂತೆ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ, ಮಳೆಯಿಲ್ಲದ ಏಪ್ರಿಲ್, ಮೇ ತಿಂಗಳಲ್ಲೂ ಗಂಗೆಗೆ ನೀರು ಕೊಡುತ್ತದೆ. ಸುಗ್ಗಿಯಲ್ಲಿ ತುಂಬಿದ ಕಣಜದಿಂದ ವರ್ಷವಿಡೀ ಅಳೆದು ಅಳೆದು ಕೊಡುವ ಮನೆಯ ಹಿರಿಯಳ ಹಾಗೆ!

ನಮ್ಮ ಬಂಡೆಬೆಟ್ಟಗಳಿಗೆ ಆ ಗುಣವಿಲ್ಲ. ಮೇಲೆ ಮಣ್ಣಿಲ್ಲ, ಮರವಿಲ್ಲ. ಬಿದ್ದ ಮಳೆ ಬಿದ್ದಂತೆಯೇ ಜಾರಿ ಕೆಳಗೆ ಬರುತ್ತದೆ. ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಬಂಡೆಯ ಮೇಲೆ ಹತ್ತು ಮಿಲಿಮೀಟರ್‌ನ ಒಂದು ಹದ ಮಳೆಯಾದರೆ 40,000 ಲೀಟರ್! ಅಷ್ಟೂ ಗಂಟೆಯೊಳಗೆ ತಪ್ಪಲಿಗೆ ಇಳಿದುಬಿಡುತ್ತದೆ. ಅಲ್ಲಿ ಅದನ್ನು ತಡೆದು ನಿಲ್ಲಿಸುವವರಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಮಳೆಯೂ ಇಲ್ಲಿ ಧಾರಾಳವಲ್ಲ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಪಶ್ಚಿಮಘಟ್ಟದಲ್ಲೇ ಬಹುಪಾಲು ಬರಿದಾಗಿ, ಇಲ್ಲಿಗೆ ಬರುವ ಹೊತ್ತಿಗೆ ಗಾಳಿಯಷ್ಟೇ ಉಳಿದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾದರೆ, ಈ ನಾಲ್ಕು ತಾಲ್ಲೂಕುಗಳಿಗೆ ಸಿಗುವುದು ಐನೂರರಿಂದ ಏಳುನೂರರ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಗುಡುಗು ಮಿಂಚಿನೊಂದಿಗೆ ಬರುವಂಥದು. ಪಾವಗಡದಲ್ಲಂತೂ ಮೋಡವಿಲ್ಲದ ಬಿಸಿಲನ್ನೇ ಬೆಳೆ ಮಾಡಿಕೊಂಡಿದ್ದಾರೆ. ತಿರುಮಣಿಯ ಸುತ್ತಮುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2018ರಲ್ಲಿ ಆರಂಭವಾದ ಸೌರ ಪಾರ್ಕಿನಿಂದ 2,050 ಮೆಗಾವಾಟ್ ವಿದ್ಯುತ್ ತೆಗೆಯಬಹುದು.

ನೀರು ತೋರಿಸಿದ ಕುರಿ

ಹಿಂದಿನವರು ಈ ಸತ್ಯವನ್ನು ಚೆನ್ನಾಗಿ ಅರಿತಿದ್ದರು. ಮಧುಗಿರಿ ಕೋಟೆ ಹುಟ್ಟಿದ ಕಥೆಯನ್ನೇ ಕೇಳಿ. ಅಲ್ಲಿಯ ಪಾಳೆಯಗಾರ ರಾಜಾ ಹಿರೇಗೌಡನ ಹಿಂಡಿನ ಒಂದು ಕುರಿ ದಾರಿ ತಪ್ಪಿ ಬೆಟ್ಟ ಸೇರಿತಂತೆ. ಮರಳಿ ಬಂದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ‘ಓಹೋ, ಮೇಲೆ ನೀರಿದೆ!’ ಎಂದುಕೊಂಡ ಗೌಡ ಬೆಟ್ಟ ಹತ್ತಿ ನೋಡಿ, ತಡಮಾಡದೆ ಕೋಟೆ ಕಟ್ಟಿಸಿದನಂತೆ. ಕಥೆ ನಿಜವೋ ಸುಳ್ಳೋ, ಅದರ ತಿರುಳು ಮಾತ್ರ ನಿಜ. ಕಲ್ಲು ಎಷ್ಟು ಗಟ್ಟಿಯಿದ್ದರೇನು, ನೀರಿಲ್ಲದ ಬೆಟ್ಟದ ಮೇಲೆ ಕೋಟೆ ನಿಲ್ಲದು. ಇಂದಿಗೂ ಬೆಟ್ಟ ಹತ್ತುವಾಗ ಬಾಗಿಲ ಮೇಲೆ ಬಾಗಿಲು, ನಡುನಡುವೆ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತ ದೊಣೆಗಳು, ಕೊಳಗಳು, ದವಸ ಕೂಡಿಡಲು ಕಟ್ಟಿದ ಕೋಣೆಗಳು ಕಾಣುತ್ತವೆ. ಮನೆ ನಡೆಸುವ ಹೆಣ್ಣಿಗೆ ಆ ಕಟ್ಟಡಗಳ ಲೆಕ್ಕಾಚಾರ ಕೂಡಲೇ ಅರ್ಥವಾಗುತ್ತದೆ: ಇಷ್ಟು ಜನ, ಇಷ್ಟು ದಿನ, ಇಷ್ಟು ಕಾಳು, ಇಷ್ಟು ನೀರು.

ಈ ಕೋಟೆಯನ್ನು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೇನೆ ಗೆದ್ದುಕೊಂಡಿತು. ಮುಂದೆ ಹೈದರ್ ಅಲಿ ಅದನ್ನು ಬಲಪಡಿಸಿದ. ಅವನ ಕಾಲದಲ್ಲಿ ಇಲ್ಲಿ ಒಬ್ಬ ರಾಣಿ ಸೆರೆಯಲ್ಲಿದ್ದಳು. ಆಕೆ ಬೇರೆ ಯಾರೂ ಅಲ್ಲ, ಕೆಳದಿ ಸಂಸ್ಥಾನದ ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಬಿದನೂರು ಹೈದರನ ವಶವಾದಾಗ ಆಕೆಯನ್ನೂ ದತ್ತುಮಗನನ್ನೂ ತಂದು ಮಧುಗಿರಿಯಲ್ಲಿ ಇಟ್ಟರು. 1767ರಲ್ಲಿ ಮರಾಠರು ಕೋಟೆ ಹಿಡಿದು ಬಿಡಿಸುವ ತನಕ ನಾಲ್ಕು ವರ್ಷ ಈ ಬಂಡೆಯೇ ಆಕೆಯ ಮನೆ. ಬಿದನೂರು ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, ತಿಂಗಳುಗಟ್ಟಲೆ ಮಳೆ ಬಿಡದ ಮಲೆನಾಡು. ಸೂರಿನ ನೀರು ಸುರಿಯುವುದನ್ನೇ ಕೇಳಿ ಬಾಳಿದ ಹೆಣ್ಣು ಈ ಬಿಸಿಬಂಡೆಯ ಮೇಲೆ ಮೋಡಕ್ಕಾಗಿ ದಾರಿ ಕಾಯುತ್ತ ಹೇಗೆ ದಿನ ಕಳೆದಳೋ! ಕೋಟೆ ನೋಡಹೋದವರು ಸೈನಿಕರ ಕಥೆಯ ಜೊತೆಗೆ ಮಕ್ಕಳಿಗೆ ಆಕೆಯ ಕಥೆಯನ್ನೂ ಹೇಳಿ.

ಮದಲೂರಿನ ಕೆರೆ

ಬೆಟ್ಟದ ಮೇಲೆ ದೊಣೆಯಾದರೆ, ಬಯಲಿನಲ್ಲಿ ಕೆರೆ. ಹಿಮವಿಲ್ಲದ ನಾಡಿಗೆ ಕೆರೆಯೇ ಹಿಮ. ಅಕ್ಟೋಬರಿನಲ್ಲಿ ತುಂಬಿದ ಕೆರೆ ಯುಗಾದಿಯವರೆಗೂ ಊರ ಬಾವಿಗಳಿಗೆ, ಕೊಳವೆಬಾವಿಗಳಿಗೆ ಒಳಗೊಳಗೇ ನೀರು ಇಳಿಸುತ್ತದೆ. ಕೆರೆ ಒಣಗಿದರೆ ಮೊದಲು ಬಾವಿಯ ಹಗ್ಗ ಉದ್ದವಾಗುತ್ತದೆ, ಆಮೇಲೆ ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯುವ ದಾರಿ ಉದ್ದವಾಗುತ್ತದೆ.

ಇದನ್ನು ಶಿರಾ ತಾಲ್ಲೂಕಿನ ಮದಲೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಕೆರೆ ಇದ್ದೂ ತುಂಬದೆ, ‘ನಮ್ಮ ಕೆರೆಗೆ ಹೇಮಾವತಿ ನೀರು ಬಿಡಿ’ ಎಂದು ಅವರು ವರ್ಷಾನುಗಟ್ಟಲೆ ಕೇಳಬೇಕಾಯಿತು. 2020ರಲ್ಲಿ ಶಿರಾ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಮದಲೂರು ಕೆರೆ ತುಂಬಿಸುವ ಮಾತೇ ದೊಡ್ಡ ಮಾತಾಗಿತ್ತು. ಒಂದು ಕೆರೆಗಾಗಿ ರಾಜ್ಯದ ನಾಯಕರೆಲ್ಲ ಭರವಸೆ ಕೊಡುವಂತಾಯಿತು ಎಂದ ಮೇಲೆ, ನೀರಿನ ಬೆಲೆ ಎಷ್ಟೆಂದು ನೀವೇ ಊಹಿಸಿ.

ಹೇಮಾವತಿ ಎಲ್ಲಿಯ ಹೊಳೆ? ಹೆಸರು ಕೇಳಿ ಹಿಮದಿಂದ ಹುಟ್ಟಿದ್ದೆಂದು ಭಾವಿಸಬೇಡಿ. ಹೇಮ ಎಂದರೆ ಚಿನ್ನ. ಚಿಕ್ಕಮಗಳೂರು ಜಿಲ್ಲೆಯ ಘಟ್ಟದಲ್ಲಿ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಹಾಸನ ಜಿಲ್ಲೆಗೆ ಇಳಿದು, 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ನಾಲೆ ಹಿಡಿದು ತುಮಕೂರು ಜಿಲ್ಲೆಗೆ ಬಂದು, ಕಳ್ಳಂಬೆಳ್ಳ ಕೆರೆ, ಶಿರಾ ಕೆರೆ ದಾಟಿ ಮದಲೂರಿನ ದಾರಿ ಹಿಡಿಯಬೇಕು. ಅಂದರೆ ಘಟ್ಟದ ಮೇಲೆ ಸುರಿದ ಮಳೆ ಮೂರು ಜಿಲ್ಲೆ ದಾಟಿ ಈ ಬಯಲಿಗೆ ಬರಬೇಕು! ಪಂಕ್ತಿಯ ಕೊನೆಯಲ್ಲಿ ಕೂತವರ ಎಲೆಗೆ ಪಾಯಸ ಬರುವುದು ಮೊದಲು ಕೂತವರು ಎಷ್ಟು ಬಡಿಸಿಕೊಂಡರು ಎಂಬುದರ ಮೇಲೆ ತಾನೇ? ಕೊನೆಯ ಕೆರೆಯ ಪಾಡೂ ಅದೇ. ಆದ್ದರಿಂದ ನಾಲೆಯ ನೀರು ಬರಲಿ, ಸಂತೋಷ. ಆದರೆ ತಮ್ಮ ಬೆಟ್ಟದಿಂದ, ತಮ್ಮ ಹೊಲದಿಂದ ಹರಿದು ಬರುವ ಮಳೆನೀರಿನ ಹಳ್ಳಕೊಳ್ಳಗಳನ್ನು ಒತ್ತುವರಿಯಾಗದಂತೆ, ಕಸ ತುಂಬದಂತೆ ಕಾಪಾಡಿಕೊಂಡ ಊರಿಗೇ ಅದು ನಿಲ್ಲುವ ನೀರು.

ಬೆಟ್ಟ ಹತ್ತುವ ಮುನ್ನ

ಇಷ್ಟು ಕೇಳಿದ ಮೇಲೆ ಮಧುಗಿರಿ ಬೆಟ್ಟ ನೋಡುವ ಆಸೆಯಾಯಿತೇ? ಖಂಡಿತ ಹೋಗಿ. ತುಮಕೂರಿನಿಂದ ಸುಮಾರು 43 ಕಿಲೋಮೀಟರ್, ಬೆಂಗಳೂರಿನಿಂದ ನೂರರ ಹತ್ತಿರ. ಆದರೆ ಬಂಡೆಬೆಟ್ಟ ದೇವಸ್ಥಾನದ ಮೆಟ್ಟಿಲಿನಂತಲ್ಲ. ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ.

ಕಾಲ: ನವೆಂಬರಿನಿಂದ ಫೆಬ್ರವರಿವರೆಗೆ ಸೊಗಸು. ಮಾರ್ಚ್ ನಂತರ ಬಂಡೆ ಕಾದ ಹೆಂಚಿನ ಹಾಗೆ. ಕಲ್ಲು ಬೇಗ ಆರುವುದೂ ಇಲ್ಲ; ಹೊತ್ತು ಇಳಿದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಆದ್ದರಿಂದ ಬೆಳಗ್ಗೆ ಆರಕ್ಕೆ ಹತ್ತಲು ಶುರುಮಾಡಿ. ನೆತ್ತಿ ಮುಟ್ಟಲು ಎರಡು, ಎರಡೂವರೆ ಗಂಟೆ ಬೇಕು. ಹನ್ನೊಂದರೊಳಗೆ ಕೆಳಗಿರಿ.

ಮಳೆ, ಮಿಂಚು: ಮಳೆ ಬಿದ್ದ ಬಂಡೆಯ ಮೇಲೆ ಪಾಚಿ ಹಿಡಿದಿರುತ್ತದೆ, ಕಾಲು ನಿಲ್ಲದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಅರ್ಧದಲ್ಲಿದ್ದರೂ ಸರಿ, ಇಳಿಯಿರಿ. ಬೋಳುಬಂಡೆಯ ಮೇಲೆ ನಿಮಗಿಂತ ಎತ್ತರವಾದದ್ದು ಏನೂ ಇರುವುದಿಲ್ಲ. ಸಿಡಿಲು ಬಡಿಯುವುದು ಎತ್ತರವಿದ್ದವರಿಗೇ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಬ್ಬಿಣದ ಸರಳು ಹಿಡಿದು ನಿಲ್ಲಬೇಡಿ.

ದೊಣೆ: ತಿಳಿನೀರು ಕಂಡ ಕೂಡಲೇ ಮಕ್ಕಳು ಕಾಲು ಇಳಿಬಿಡಲು ಓಡುತ್ತಾರೆ. ದೊಣೆಯ ಅಂಚು ಇಳಿಜಾರು, ನುಣುಪು. ಒಳಗೆ ಎಷ್ಟು ಆಳವೋ ತಿಳಿಯದು. ಜಾರಿ ಬಿದ್ದವರಿಗೆ ಹಿಡಿದು ಹತ್ತಲು ಒಂದು ಬಿರುಕೂ ಸಿಗುವುದಿಲ್ಲ. ಇದೊಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ: ನೋಡುವುದು ದೂರದಿಂದ.

ಹೆಜ್ಜೇನು: ಹೆಸರೇ ಮಧುಗಿರಿ! ಕಲ್ಲು ಎಸೆಯುವುದು, ಬೆಂಕಿ ಹಾಕುವುದು, ಕೂಗಾಡುವುದು ಬೇಡ. ಘಾಟು ಸುಗಂಧ ಪೂಸಿಕೊಂಡು ಹೋಗಬೇಡಿ. ಜೇನು ಎದ್ದರೆ ಸೆರಗಿನಿಂದಲೋ ದುಪ್ಪಟ್ಟಾದಿಂದಲೋ ಮುಖ ಮುಚ್ಚಿಕೊಂಡು ದೂರ ಸರಿಯಿರಿ, ಕೈ ಬೀಸಬೇಡಿ.

ಉಡುಪು: ಚೂಡಿದಾರ ಅನುಕೂಲ. ಸೀರೆಯೇ ಆಗಬೇಕೆನ್ನುವವರು ನೂಲಿನ ಸೀರೆಯನ್ನು ಕೊಂಚ ಎತ್ತಿ ಉಟ್ಟು ಸೆರಗು ಸಿಕ್ಕಿಸಿಕೊಳ್ಳಿ. ಹವಾಯಿ ಚಪ್ಪಲಿ ಬೇಡವೇ ಬೇಡ. ರಬ್ಬರ್ ತಳದ, ಹಿಡಿತವಿರುವ ಬೂಟು ಹಾಕಿ. ಒಬ್ಬರಿಗೆ ಎರಡು ಲೀಟರ್ ನೀರು ಜೊತೆಗಿರಲಿ.

ಬಸುರಿಯರು, ಎದೆನೋವು, ರಕ್ತದೊತ್ತಡ ಇರುವವರು ಹಟಕ್ಕೆ ಬಿದ್ದು ಹತ್ತುವುದು ಬೇಡ. ಮೊದಲೆರಡು ಬಾಗಿಲು ದಾಟಿ ಕೂತರೂ ಗಾಳಿ, ನೋಟ ಎರಡಕ್ಕೂ ಕೊರತೆಯಿಲ್ಲ. ಕೆಳಗೆ ಊರಿನಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳಿವೆ, ದಂಡಿನ ಮಾರಮ್ಮನ ಗುಡಿಯಿದೆ.

ಬೆಟ್ಟದ ಬುತ್ತಿ

ಬಿಸಿಲಿನ ದಾರಿಗೆ ಮೊಸರನ್ನ ಹುಳಿ ಬಂದೀತು, ಪಲ್ಯ ಹಳಸೀತು. ಹುಣಸೆಯ ನಾಡಿಗೆ ಹೋಗುವಾಗ ಹುಳಿಯನ್ನವೇ ಸರಿ.

ನಾಲ್ವರಿಗೆ ಎರಡು ಪಾವು ಅಕ್ಕಿಯ ಉದುರುದುರಾದ ಅನ್ನ ಮಾಡಿ ಆರಲು ಹರಡಿ. ದೊಡ್ಡ ನಿಂಬೆಗಾತ್ರದ ಎರಡು ಉಂಡೆ ಹುಣಸೆಹಣ್ಣು ನೆನೆಸಿ ಗಟ್ಟಿ ರಸ ತೆಗೆಯಿರಿ. ಎರಡು ಚಮಚ ಕೊತ್ತಂಬರಿ ಬೀಜ, ಆರು ಒಣಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಎರಡು ಚಮಚ ಎಳ್ಳು ಇವನ್ನು ಬೇರೆ ಬೇರೆ ಹುರಿದು ಒಣಕೊಬ್ಬರಿಯೊಂದಿಗೆ ಪುಡಿ ಮಾಡಿ. ಬಾಣಲೆಯಲ್ಲಿ ಎಣ್ಣೆ ಧಾರಾಳವಾಗಿ ಹಾಕಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಹುಣಸೆರಸ, ಅರಿಸಿನ, ಉಪ್ಪು, ನಿಂಬೆಗಾತ್ರದ ಬೆಲ್ಲ ಹಾಕಿ, ಎಣ್ಣೆ ಬಿಡುವ ತನಕ ಕುದಿಸಿ. ಕೊನೆಗೆ ಪುಡಿ ಸೇರಿಸಿ ಇಳಿಸಿ, ಅನ್ನಕ್ಕೆ ಕಲಸಿ.

ಹತ್ತುವಾಗ ಬಾಯಾಡಿಸಲು ಕಡಲೆಕಾಯಿ ಬೀಜದ ಉಂಡೆ: ಎರಡು ಪಾವು ಬೀಜ ಹುರಿದು ಸಿಪ್ಪೆ ತೆಗೆದು, ಬೆಚ್ಚಗಿರುವಾಗಲೇ ಒಂದು ಪಾವು ಪುಡಿಬೆಲ್ಲ, ಏಲಕ್ಕಿಯೊಂದಿಗೆ ಕುಟ್ಟಿ. ಬೀಜದ ಎಣ್ಣೆಯಲ್ಲೇ ಉಂಡೆ ಕಟ್ಟಬಹುದು, ಪಾಕದ ಗೋಜಿಲ್ಲ. ಕುಡಿಯಲು ಶುಂಠಿ, ಉಪ್ಪು ಹಾಕಿದ ನೀರುಮಜ್ಜಿಗೆ; ಬೆವರಿನಲ್ಲಿ ಹೋದ ಉಪ್ಪು ಮರಳಿ ಬರುತ್ತದೆ. ಎಲೆ, ಪೊಟ್ಟಣ, ಬಾಟಲಿಗಳನ್ನು ಮಾತ್ರ ಚೀಲದಲ್ಲಿ ವಾಪಸ್ಸು ತನ್ನಿ. ಬೆಟ್ಟದ ಮೇಲೆ ಎಸೆದ ಪ್ಲಾಸ್ಟಿಕ್ ಮುಂದಿನ ಮಳೆಗೆ ಇಳಿದು ಸೇರುವುದು ಕೆರೆಯನ್ನೇ.

ಸುತ್ತಮುತ್ತ ಇನ್ನೇನಿದೆ?

ಮನೆಯಲ್ಲಿ ಹಿರಿಯರಿದ್ದರೆ ದೇವರಾಯನದುರ್ಗಕ್ಕೆ ಹೋಗಿ. ವಾಹನ ಮೇಲಿನವರೆಗೂ ಹೋಗುತ್ತದೆ, ಭೋಗನರಸಿಂಹ, ಯೋಗನರಸಿಂಹರ ದರ್ಶನವೂ ಆಗುತ್ತದೆ. ಜಯಮಂಗಲಿ, ಶಿಂಷಾ ಹೊಳೆಗಳು ಹುಟ್ಟುವುದು ಇದೇ ಬೆಟ್ಟದಲ್ಲಿ. ಹಿಮವಿಲ್ಲದಿದ್ದರೂ ಕಾಡಿದ್ದರೆ ಬೆಟ್ಟ ನೀರು ಹಿಡಿಯಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯ ತೂತಿನಿಂದ ನೀರು ಒಸರುತ್ತದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಶ್ರೀರಾಮ ಬಾಣ ಬಿಟ್ಟು ಚಿಮ್ಮಿಸಿದನೆಂದು ಜನ ನಂಬುತ್ತಾರೆ. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಮೆಟ್ಟಿಲು ಹತ್ತಿ ಗುಹೆಯ ಸಿದ್ಧೇಶ್ವರನನ್ನು ಕಾಣಬಹುದು. ಗಿಡಮೂಲಿಕೆಗಳಿಗೂ ಆ ಬೆಟ್ಟ ಹೆಸರುವಾಸಿ. ಪಾವಗಡದಲ್ಲಿ ಶನೈಶ್ಚರನ ದರ್ಶನಕ್ಕೆ ಹೋದವರು ಊರ ಮೇಲಿನ ಕೋಟೆಬೆಟ್ಟವನ್ನು ತಲೆಯೆತ್ತಿ ನೋಡದೆ ಬರಬೇಡಿ.

ಮಕ್ಕಳಿಗೆ ಪ್ರಾಣಿ ಪಕ್ಷಿ ಇಷ್ಟವೇ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. 2007ರಲ್ಲಿ 798 ಎಕರೆ ಜಾಗವನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಸಾರಿದರು. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಾರೆ. ಅವುಗಳ ಮರಿಗೆ ಮೀನು ಸಿಗಬೇಕಾದರೂ ಕೆರೆಗಳಲ್ಲಿ ನೀರಿರಬೇಕು ನೋಡಿ!

ನಿಮ್ಮ ಮನೆಯ ಸೂರೂ ಒಂದು ಬಂಡೆಯೇ

ಈಗ ಮನೆಯ ವಿಚಾರಕ್ಕೆ ಬರೋಣ. ಕೆರೆ ತುಂಬಿಸುವುದು ಊರಿನ ಕೆಲಸ, ಸರ್ಕಾರದ ಕೆಲಸ. ನಮ್ಮ ಕೈಯಲ್ಲಿ ಏನಿದೆ? ತಲೆಯ ಮೇಲಿನ ತಾರಸಿ ಇದೆಯಲ್ಲ! ಸಾವಿರ ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 55,000 ಲೀಟರ್. ಅಲ್ಲಿಲ್ಲಿ ಹೋದದ್ದು ಕಳೆದು 40,000 ಲೀಟರ್ ಎನ್ನಿ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ 2,600 ಕೊಡಕ್ಕೂ ಹೆಚ್ಚು! ಒಂದು ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಎಂದಿಟ್ಟುಕೊಂಡರೆ ವರ್ಷಕ್ಕೆ ಬೇಕಾದದ್ದು ಒಂಬತ್ತು ಸಾವಿರ ಚಿಲ್ಲರೆ. ಅಂದರೆ ಹತ್ತು ಸಾವಿರ ಲೀಟರಿನ ಒಂದು ಸಂಪು ಸಾಕು.

ಈ ಸೀಮೆಯವರಿಗೆ ಇದು ಉಳಿತಾಯದ ಮಾತಷ್ಟೇ ಅಲ್ಲ, ಆರೋಗ್ಯದ ಮಾತು. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕಲ್ಲಿನಿಂದಲೇ ಕರಗಿ ಬರುವಂಥದು. ಲೀಟರಿಗೆ ಒಂದು ಮಿಲಿಗ್ರಾಮ್ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ, ವರ್ಷಗಳು ಕಳೆದಂತೆ ಕೀಲು, ಬೆನ್ನು ಬಿಗಿಯುತ್ತವೆ. ಮುಖ್ಯವಾದ ಮಾತು ಕೇಳಿ: ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಇನ್ನೊಂದು ಮಾತು: ಶುದ್ಧ ನೀರಿನ ಘಟಕದಿಂದ ತಂದ ಕ್ಯಾನನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಅನ್ನ, ಬೇಳೆಗೆ ಕೊಳವೆಬಾವಿ ನೀರು ಹಾಕುವ ಮನೆಗಳು ಬಹಳ. ಅನ್ನದ ಜೊತೆ ಅದೂ ಹೊಟ್ಟೆಗೇ ತಾನೇ ಹೋಗುವುದು? ಎರಡಕ್ಕೂ ಒಳ್ಳೆಯ ನೀರನ್ನೇ ಬಳಸಿ. ಹಾಲು, ರಾಗಿ, ನೆಲ್ಲಿಕಾಯಿ, ನಿಂಬೆ ಊಟದಲ್ಲಿರಲಿ. ಸುಣ್ಣದ ಸತ್ವ, ಸಿ ಜೀವಸತ್ವ ಇದ್ದ ಮೈಗೆ ಫ್ಲೋರೈಡಿನ ಕಾಟ ಕಡಿಮೆ.

ಮಳೆನೀರಿನಲ್ಲಿ ಈ ಪೀಡೆ ಇಲ್ಲ. ಸಂಗ್ರಹಿಸುವಾಗ ಮೊದಲ ಮಳೆಯ ನೀರನ್ನು, ಆಮೇಲಿನ ಪ್ರತಿ ಮಳೆಯ ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡಿ. ತಾರಸಿಯ ಧೂಳು ಹೋಗಲಿ. ಜಲ್ಲಿ, ಮರಳು, ಇದ್ದಿಲಿನ ಸೋಸುಪೆಟ್ಟಿಗೆ ದಾಟಿಸಿ ಸಂಪಿಗೆ ಇಳಿಸಿ. ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಕುಡಿಯುವ ಮುನ್ನ ಕುದಿಸಿ. ಮಳೆಗಾಲಕ್ಕೆ ಮೊದಲು ತಾರಸಿ ಗುಡಿಸುವುದು, ಸೋಸುಪೆಟ್ಟಿಗೆ ತೊಳೆಯುವುದು ಹಬ್ಬಕ್ಕೆ ಮನೆ ಸಾರಿಸಿದಷ್ಟೇ ಕೆಲಸ.

ಸಂಪು ಕಟ್ಟಿಸಲು ಈ ವರ್ಷ ಕೈಯಲ್ಲಿ ಹಣವಿಲ್ಲ ಅಂತೀರಾ? ಚಿಂತೆಯಿಲ್ಲ. ತಾರಸಿಯ ಕೊಳವೆಯ ಬಾಯಿಗೆ ಶುಭ್ರವಾದ ಬಿಳಿ ಬಟ್ಟೆ ಕಟ್ಟಿ, ಮುಚ್ಚಳವಿರುವ ಒಂದು ದೊಡ್ಡ ಡ್ರಮ್ಮು ಇಡಿ. ಮುಂದಿನ ಹದ ಮಳೆಗೆ ಅದು ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ಮಕ್ಕಳಿಗೆ ಗಡಿಯಾರ ನೋಡಲು ಹೇಳಿ. ಆ ಲೆಕ್ಕ ಕಂಡ ಮೇಲೆ ಸಂಪಿನ ಮಾತನ್ನು ಮನೆಯವರ ಮುಂದೆ ಎತ್ತುವುದು ಸುಲಭವಾದೀತು.